ಮೊದಲ ಸಾಲಿನಲ್ಲಿ ಅಧ್ಯಕ್ಷರು, ಪೀಠದಲ್ಲಿ ಪ್ರಶ್ನೆ: ಅಮೆರಿಕದ ಚರ್ಚು, ಟಿವಿ ಮತ್ತು ಅಧಿಕಾರದ ಕಥೆ

2025ರ ಜನವರಿ 21. ವಾಷಿಂಗ್ಟನ್‌ನ ನ್ಯಾಷನಲ್ ಕೆಥೆಡ್ರಲ್. ಹಿಂದಿನ ದಿನವಷ್ಟೇ ಪ್ರಮಾಣವಚನ ಸ್ವೀಕರಿಸಿದ್ದ ಡೊನಾಲ್ಡ್ ಟ್ರಂಪ್ ಮೊದಲ ಸಾಲಿನಲ್ಲಿ ಕುಳಿತಿದ್ದರು. ಹೊಸ ಅಧ್ಯಕ್ಷರು ಅಧಿಕಾರಕ್ಕೆ ಬಂದಾಗ ಇಲ್ಲಿ ಪ್ರಾರ್ಥನೆ ನಡೆಯುವುದು ವಾಡಿಕೆ. ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡಲು ನಿಂತವರು ಬಿಷಪ್ ಮರಿಯಾನ್ ಬಡ್. ಸುಮಾರು ಹದಿನೈದು ನಿಮಿಷ ಮಾತಾಡಿದರು. ಕೊನೆಯಲ್ಲಿ ದನಿ ಏರಿಸದೆ, ನೇರವಾಗಿ ಅಧ್ಯಕ್ಷರನ್ನೇ ಉದ್ದೇಶಿಸಿ ಒಂದು ಬೇಡಿಕೆ ಇಟ್ಟರು. ಈಗ ಹೆದರಿಕೊಂಡಿರುವವರ ಮೇಲೆ ಕರುಣೆ ತೋರಿಸಿ ಎಂದರು. ಹೊಲದಲ್ಲಿ ಬೆಳೆ ಕೀಳುವವರು, ಆಫೀಸು ಗುಡಿಸುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರು, ಸಲಿಂಗಿ ಮತ್ತು ಟ್ರಾನ್ಸ್‌ಜೆಂಡರ್ ಮಕ್ಕಳು, ಹೀಗೆ ಒಬ್ಬೊಬ್ಬರನ್ನಾಗಿ ಹೆಸರಿಸಿದರು.

ಆ ರಾತ್ರಿಯೇ ಟ್ರಂಪ್ ತಮ್ಮ ಜಾಲತಾಣದಲ್ಲಿ ಬಿಷಪ್ ಕ್ಷಮೆ ಕೇಳಬೇಕು ಎಂದು ಬರೆದರು. ಕರುಣೆ ಕೇಳಿದ್ದಕ್ಕೆ ಕ್ಷಮೆ ಕೇಳುವುದಿಲ್ಲ ಎಂದು ಬಿಷಪ್ ಹೇಳಿದರು.

ಡಲ್ಲಾಸ್‌ನಲ್ಲಿರುವ ನನ್ನ ಅಕ್ಕನ ಮಗಳು ಆ ವಾರ ಫೋನ್ ಮಾಡಿದಾಗ ಕೇಳಿದಳು: "ಚಿಕ್ಕಮ್ಮ, ಇಬ್ಬರೂ ಕ್ರೈಸ್ತರೇ ಅಲ್ವಾ? ಮತ್ತೆ ಈ ಜಗಳ ಯಾಕೆ?" ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಇವತ್ತು ಅಮೆರಿಕದಲ್ಲಿದ್ದಾರೆ. ಅಲ್ಲಿನ ಚುನಾವಣೆ, ವೀಸಾ ನಿಯಮ ಎಲ್ಲವೂ ಅವರ ಬದುಕನ್ನು ತಟ್ಟುತ್ತವೆ. ಆ ರಾಜಕೀಯದಲ್ಲಿ ಚರ್ಚು ಯಾಕೆ ಇಷ್ಟು ದೊಡ್ಡ ಪಾತ್ರ ವಹಿಸುತ್ತದೆ, ಅದನ್ನು ಚರ್ಚಿನ ಒಳಗೇ ಕೆಲವರು ಯಾಕೆ ವಿರೋಧಿಸುತ್ತಾರೆ ಎಂಬುದನ್ನು ಬುಡದಿಂದ ನೋಡೋಣ.

ಒಂದೇ ಧರ್ಮ, ಹಲವು ಮನೆ

ಮೊದಲು ಒಂದೆರಡು ಹೆಸರು ತಿಳಿದುಕೊಳ್ಳಬೇಕು. ಅಮೆರಿಕದ ವಯಸ್ಕರಲ್ಲಿ ಸುಮಾರು 62 ಶೇಕಡಾ ಜನ ತಮ್ಮನ್ನು ಕ್ರೈಸ್ತರು ಎನ್ನುತ್ತಾರೆ ಎಂದು ಪ್ಯೂ ಸಂಸ್ಥೆಯ 2023-24ರ ಸಮೀಕ್ಷೆ ಹೇಳುತ್ತದೆ. 2007ರಲ್ಲಿ ಇದು 78 ಶೇಕಡಾ ಇತ್ತು. ಇವರೆಲ್ಲ ಒಂದೇ ಗುಂಪಲ್ಲ. ಕ್ಯಾಥೊಲಿಕರು ಒಂದು ಕಡೆ. ಪ್ರಾಟೆಸ್ಟೆಂಟರಲ್ಲಿ ಮತ್ತೆ ಮೂರು ದೊಡ್ಡ ಮನೆಗಳಿವೆ.

ಒಂದು, ಹಳೆಯ ಸ್ಥಾಪಿತ ಚರ್ಚುಗಳು. ಬಿಷಪ್ ಬಡ್ ಅವರ ಎಪಿಸ್ಕೋಪಲ್ ಚರ್ಚು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು ಇಲ್ಲಿ ಬರುತ್ತಾರೆ. ಇವುಗಳನ್ನು ಮೇನ್‌ಲೈನ್ ಎನ್ನುತ್ತಾರೆ. ಇನ್ನೊಂದು, ಇವಾಂಜೆಲಿಕಲ್ ಚರ್ಚುಗಳು. 'ಸುವಾರ್ತೆ' ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಬೈಬಲ್ಲಿನ ಮಾತೇ ಕೊನೆಯ ಮಾತು, ಪ್ರತಿಯೊಬ್ಬರೂ ಮನಸ್ಸು ತಿರುಗಿಸಿ 'ಹೊಸದಾಗಿ ಹುಟ್ಟಬೇಕು', ಈ ಸುದ್ದಿಯನ್ನು ಬೇರೆಯವರಿಗೂ ಸಾರಬೇಕು, ಇವು ಇವರ ನಂಬಿಕೆಯ ಗಟ್ಟಿ ಕಂಬಗಳು. ದೇಶದ ಜನರಲ್ಲಿ ಸುಮಾರು 23 ಶೇಕಡಾ ಇವರು. ಮೂರನೆಯದು, ಕಪ್ಪು ಜನರ ಚರ್ಚುಗಳು. ಗುಲಾಮಗಿರಿಯ ಕಾಲದಲ್ಲಿ, ಬಿಳಿಯರ ಚರ್ಚಿನಲ್ಲಿ ಸಮನಾಗಿ ಕೂರಲು ಬಿಡದಿದ್ದಾಗ ಬೆಳೆದವು.

ಸಂಪ್ರದಾಯವಾದಿ ಕ್ರೈಸ್ತರು ಎಂದು ಸುದ್ದಿಯಲ್ಲಿ ಹೇಳುವಾಗ ಹೆಚ್ಚಾಗಿ ಬಿಳಿಯ ಇವಾಂಜೆಲಿಕಲರ ಬಗ್ಗೆ ಹೇಳುತ್ತಾರೆ. ಟ್ರಂಪ್ ನಿಂತ ಮೂರೂ ಚುನಾವಣೆಗಳಲ್ಲಿ ಅವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಅವರಿಗೇ ಮತ ಹಾಕಿದರು. ಕಪ್ಪು ಜನರ ಚರ್ಚಿನವರು ಅದೇ ಬೈಬಲ್ ಓದಿ, ಅದೇ ಹಾಡು ಹಾಡಿ, ಬಹುಪಾಲು ಎದುರಿನ ಡೆಮಾಕ್ರಟಿಕ್ ಪಕ್ಷಕ್ಕೆ ಹಾಕಿದರು. ಹಾಗಾಗಿ ನಂಬಿಕೆ ಒಂದನ್ನೇ ನೋಡಿದರೆ ಈ ಕಥೆ ಅರ್ಥವಾಗುವುದಿಲ್ಲ.

ಇಲ್ಲೊಂದು ಮಾತು. ನಮ್ಮ ಮಂಗಳೂರಿನ ಕ್ಯಾಥೊಲಿಕರನ್ನೋ, 1834ರಲ್ಲಿ ಬಂದ ಬಾಸೆಲ್ ಮಿಷನ್ನಿನಿಂದ ಬೆಳೆದು ಇವತ್ತು ಸಿಎಸ್‌ಐ ಸಭೆಗಳಲ್ಲಿ ಸೇರುವ ನಮ್ಮ ಪ್ರಾಟೆಸ್ಟೆಂಟರನ್ನೋ ಈ ಕಥೆಯೊಳಗೆ ಸೇರಿಸಬೇಡಿ. ಅವರ ಹಾದಿಯೇ ಬೇರೆ. ಇದು ಒಂದು ದೇಶದ, ಒಂದು ಕಾಲದ ಕಥೆ.

ಪತ್ರಿಕೆಯ ಅಂಚಿನಲ್ಲಿ ಬರೆದ ಪತ್ರ

ಬಿಷಪ್ ಬಡ್ ಹೇಳಿದ್ದು ಹೊಸದೇನಲ್ಲ. ಚರ್ಚಿನ ಒಳಗಿನಿಂದ ಅಧಿಕಾರವನ್ನು ಪ್ರಶ್ನಿಸಿದವರ ಸಾಲು ಉದ್ದವಿದೆ. ಆ ಸಾಲಿನಲ್ಲಿ ಎಲ್ಲರೂ ತಿರುಗಿ ನೋಡುವುದು ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಕಡೆ. ಇವತ್ತು ಕಿಂಗ್ ಹೆಸರಲ್ಲಿ ಅಲ್ಲಿ ರಾಷ್ಟ್ರೀಯ ರಜೆ ಇದೆ. 2025ರಲ್ಲಿ ಆ ರಜೆಯೂ ಟ್ರಂಪ್ ಪ್ರಮಾಣವಚನವೂ ಒಂದೇ ದಿನ ಬಂದವು. ಆದರೆ ಬದುಕಿದ್ದಾಗ ಕಿಂಗ್ ಎಲ್ಲರಿಗೂ ಬೇಕಾದವರಾಗಿರಲಿಲ್ಲ. 1966ರ ಗ್ಯಾಲಪ್ ಸಮೀಕ್ಷೆಯಲ್ಲಿ 63 ಶೇಕಡಾ ಜನ ಅವರ ಬಗ್ಗೆ ಒಳ್ಳೆಯ ಅಭಿಪ್ರಾಯ ಇಲ್ಲ ಎಂದಿದ್ದರು.

ಕಿಂಗ್ ಸ್ವತಃ ಬ್ಯಾಪ್ಟಿಸ್ಟ್ ಪಾದ್ರಿ. ಅಪ್ಪ, ತಾತ ಇಬ್ಬರೂ ಪಾದ್ರಿಗಳು. ಗಾಂಧಿಯವರ ದಾರಿಯನ್ನು ಅರಿಯಲು 1959ರಲ್ಲಿ ಭಾರತಕ್ಕೂ ಬಂದು ಹೋಗಿದ್ದರು.

1963ರ ಏಪ್ರಿಲ್ 12, ಶುಭ ಶುಕ್ರವಾರ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಮೆರವಣಿಗೆ ಮಾಡಿದ್ದಕ್ಕೆ ಪೊಲೀಸರು ಕಿಂಗ್‌ರನ್ನು ಹಿಡಿದರು. ಅಂಗಡಿ, ಹೋಟೆಲ್, ಬಸ್ಸು, ಶಾಲೆ ಎಲ್ಲದರಲ್ಲೂ ಕಪ್ಪು ಜನರನ್ನು ಬೇರೆ ಇಡುತ್ತಿದ್ದ ಊರು ಅದು. ಜೈಲಿನಲ್ಲಿ ಒಬ್ಬರನ್ನೇ ಒಂದು ಕೋಣೆಯಲ್ಲಿ ಇಟ್ಟರು. ಅಲ್ಲಿ ಅವರ ಕೈಗೆ ಒಂದು ಪತ್ರಿಕೆ ಸಿಕ್ಕಿತು. ಅದರಲ್ಲಿ ಆ ರಾಜ್ಯದ ಎಂಟು ಬಿಳಿಯ ಧರ್ಮಗುರುಗಳ ಹೇಳಿಕೆ ಅಚ್ಚಾಗಿತ್ತು. ಏಳು ಕ್ರೈಸ್ತರು, ಒಬ್ಬರು ಯಹೂದಿ ರಬ್ಬಿ. ಈ ಮೆರವಣಿಗೆ ಅವಸರದ್ದು, ಹೊರಗಿನವರು ಬಂದು ನಡೆಸುವಂಥದ್ದು, ನ್ಯಾಯ ಬೇಕಾದರೆ ಕೋರ್ಟಿಗೆ ಹೋಗಿ, ಬೀದಿಗೆ ಬರಬೇಡಿ ಎಂಬುದು ಆ ಹೇಳಿಕೆಯ ಸಾರ.

ಕಿಂಗ್ ಬಳಿ ಬರೆಯಲು ಕಾಗದ ಇರಲಿಲ್ಲ. ಅದೇ ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿ ಉತ್ತರ ಬರೆಯಲು ಶುರು ಮಾಡಿದರು. ಅಂಚು ತುಂಬಿದ ಮೇಲೆ ಜೈಲಿನಲ್ಲೇ ಇದ್ದ ಕಪ್ಪು ಕೈದಿಯೊಬ್ಬ ತಂದುಕೊಟ್ಟ ಚೂರುಪಾರು ಕಾಗದದ ಮೇಲೆ ಬರೆದರು. ಆಮೇಲೆ ವಕೀಲರು ಕೊಟ್ಟ ಹಾಳೆಯ ಮೇಲೆ ಮುಗಿಸಿದರು. ಪತ್ರದ ತಾರೀಕು ಏಪ್ರಿಲ್ 16.

ಆ ಪತ್ರಿಕೆಯ ಪುಟವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ನಡುವೆ ಅಚ್ಚಿನ ಅಕ್ಷರದಲ್ಲಿ ಗೌರವಸ್ಥರ ಮಾತು. ಸುತ್ತ ಅಂಚಿನಲ್ಲಿ, ಸಾಲು ಬಾಗಿಸಿ, ಪೆನ್ನಿನಲ್ಲಿ ಒಬ್ಬ ಕೈದಿಯ ಮಾತು. ಚರ್ಚು, ಪತ್ರಿಕೆ, ಸರ್ಕಾರ ಮೂರೂ ಆ ಒಂದು ಪುಟದಲ್ಲಿವೆ. ಈ ವಿಷಯವನ್ನು ಯಾರಿಗಾದರೂ ವಿವರಿಸಬೇಕಾದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದೇ ಪುಟ.

ಪತ್ರದಲ್ಲಿ ಏನಿತ್ತು? ತನ್ನ ಜನರಿಗೆ ದೊಡ್ಡ ಅಡ್ಡಿ ಮುಸುಕು ಹಾಕಿಕೊಂಡು ಬರುವ ದ್ವೇಷಿಗಳಿಗಿಂತ 'ತಾಳಿ, ಈಗ ಬೇಡ' ಎನ್ನುವ ಮೃದು ಮಾತಿನ ಬಿಳಿಯರೇ ಇರಬಹುದು ಎಂದರು. ಗಲಾಟೆ ಇಲ್ಲದಿರುವುದು ಒಂದು ಬಗೆಯ ಶಾಂತಿ, ನ್ಯಾಯ ಇರುವುದು ಇನ್ನೊಂದು ಬಗೆಯ ಶಾಂತಿ ಎಂದು ಬಿಡಿಸಿ ಹೇಳಿದರು. ಅದಕ್ಕೆ ಕುರುವಿನ ಹೋಲಿಕೆ ಕೊಟ್ಟರು. ಕುರುವನ್ನು ಮುಚ್ಚಿಟ್ಟರೆ ವಾಸಿಯಾಗುವುದಿಲ್ಲ. ಅದು ಗಾಳಿ ಬೆಳಕಿಗೆ ತೆರೆಯಬೇಕು. ಕೀವು ಹೊರಗೆ ಬಂದಾಗ ಕೆಟ್ಟದಾಗಿ ಕಾಣುತ್ತದೆ ನಿಜ, ಆದರೆ ಕೀವನ್ನು ಹುಟ್ಟಿಸಿದ್ದು ಅದನ್ನು ಬಿಡಿಸಿದವನಲ್ಲ.

ಚರ್ಚಿನ ಬಗ್ಗೆ ಅವರು ಹೇಳಿದ್ದು ಇನ್ನೂ ಖಾರವಾಗಿತ್ತು. ಹಿಂದೆ ಚರ್ಚು ಸಮಾಜದ ಬಿಸಿಯನ್ನು ಬದಲಿಸುವ ಯಂತ್ರದ ಹಾಗಿತ್ತು, ಈಗ ಇರುವ ಬಿಸಿಯನ್ನು ತೋರಿಸುವ ಥರ್ಮಾಮೀಟರ್ ಆಗಿದೆ ಎಂದರು. ಜ್ವರ ನೋಡುವ ಕಡ್ಡಿ ಜ್ವರ ಇಳಿಸುವುದಿಲ್ಲ ಅಲ್ವಾ, ಹಾಗೆ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಆ ಎಂಟು ಮಂದಿ ಕಟುಕರಲ್ಲ. ಅದೇ ವರ್ಷ ಜನವರಿಯಲ್ಲಿ, ಕೋರ್ಟಿನ ಆದೇಶ ಮೀರುವುದಾಗಿ ಗವರ್ನರ್ ಜಾರ್ಜ್ ವಾಲೇಸ್ ಗುಡುಗಿದಾಗ, ಕಾನೂನಿಗೆ ತಲೆಬಾಗಿ ಎಂದು ಹೇಳಿಕೆ ಹೊರಡಿಸಿದವರಲ್ಲಿ ಇವರೂ ಇದ್ದರು. ಬಿಳಿಯರ ಬೈಗುಳ ತಿಂದಿದ್ದರು. ಎಂಟು ಮಂದಿಯಲ್ಲಿ ಒಬ್ಬರಾದ ಅರ್ಲ್ ಸ್ಟಾಲಿಂಗ್ಸ್ ಆ ಈಸ್ಟರ್ ಭಾನುವಾರ ತಮ್ಮ ಚರ್ಚಿಗೆ ಬಂದ ಕಪ್ಪು ಜನರನ್ನು ಬಾಗಿಲಲ್ಲಿ ತಡೆಯಲಿಲ್ಲ, ಒಳಗೆ ಎಲ್ಲರ ಜೊತೆ ಕೂರಿಸಿದರು. ಕಿಂಗ್ ತಮ್ಮ ಪತ್ರದಲ್ಲಿ ಹೆಸರು ಹಿಡಿದು ಅವರನ್ನು ಮೆಚ್ಚಿದ್ದಾರೆ.

ಐದು ತಿಂಗಳ ನಂತರ, ಸೆಪ್ಟೆಂಬರ್ 15ರ ಭಾನುವಾರ, ಅದೇ ಊರಿನ ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ನಾಲ್ವರು ಹೆಣ್ಣುಮಕ್ಕಳು ಸತ್ತರು.

ಕ್ಯಾಮೆರಾ ಎಲ್ಲಿಯವರೆಗೆ ಜೊತೆಗಿತ್ತು

ಮಾಧ್ಯಮ ಎಂದರೆ ಒಂದೇ ಮುಖ ಅಲ್ಲ. 1963ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್ ಪೊಲೀಸರು ಮೆರವಣಿಗೆ ಮಾಡಿದ ಮಕ್ಕಳ ಮೇಲೆ ನಾಯಿ ಬಿಟ್ಟರು, ಅಗ್ನಿಶಾಮಕದ ಕೊಳವೆಯಿಂದ ನೀರು ಹಾಯಿಸಿದರು. ಆ ಚಿತ್ರಗಳು ರಾಷ್ಟ್ರೀಯ ಪತ್ರಿಕೆ, ಟಿವಿಗಳಲ್ಲಿ ಬಂದವು. ದೇಶ ಬೆಚ್ಚಿಬಿತ್ತು. ಮರುವರ್ಷ ಜುಲೈ 2ರಂದು, ಜನಾಂಗ ನೋಡಿ ಬೇರೆ ಇಡುವುದನ್ನು ತಡೆಯುವ ನಾಗರಿಕ ಹಕ್ಕುಗಳ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. ಆ ಚಿತ್ರಗಳು ಇಲ್ಲದಿದ್ದರೆ ಅಷ್ಟು ಬೇಗ ಆಗುತ್ತಿರಲಿಲ್ಲ.

ಅದೇ ಕಾಲದಲ್ಲಿ ಇನ್ನೊಂದು ಮುಖವೂ ಇತ್ತು. ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಊರಿನಲ್ಲಿ ಡಬ್ಲ್ಯುಎಲ್‌ಬಿಟಿ ಎಂಬ ಟಿವಿ ಕೇಂದ್ರ. ಊರಿನ ಜನರಲ್ಲಿ ದೊಡ್ಡ ಪಾಲು ಕಪ್ಪು ಜನ. ಆದರೆ ಪರದೆಯ ಮೇಲೆ ಅವರ ಮಾತು ಬರುವಂತಿರಲಿಲ್ಲ. 1955ರಲ್ಲಿ ಕಪ್ಪು ವಕೀಲ ಥರ್ಗುಡ್ ಮಾರ್ಷಲ್ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮಾತಾಡುವಾಗ ಈ ಕೇಂದ್ರ 'ಕೇಬಲ್ ತೊಂದರೆ' ಎಂಬ ಫಲಕ ಹಾಕಿತು.

ಇಲ್ಲಿ ಒಂದು ಮೂಲ ವಿಷಯ ತಿಳಿಯಬೇಕು. ಪತ್ರಿಕೆ ಯಾರು ಬೇಕಾದರೂ ಅಚ್ಚು ಹಾಕಬಹುದು. ಟಿವಿ, ರೇಡಿಯೊ ಹಾಗಲ್ಲ. ಅವು ಬಳಸುವ ಗಾಳಿಯ ತರಂಗಗಳು ಸೀಮಿತ. ಊರಿನ ಕೆರೆಯ ಹಾಗೆ ಅದು ಎಲ್ಲರ ಆಸ್ತಿ. ಕೆರೆಯ ನೀರು ಹಾಯಿಸಿಕೊಳ್ಳಲು ಒಬ್ಬನಿಗೆ ಪರವಾನಗಿ ಕೊಟ್ಟರೆ, ಉಳಿದವರ ಗದ್ದೆಗೂ ನೀರು ಹೋಗುವಂತೆ ನೋಡಿಕೊಳ್ಳಬೇಕಾದ ಹೊಣೆಯೂ ಅವನ ಮೇಲೆ ಬರುತ್ತದೆ. ಅಮೆರಿಕದಲ್ಲಿ 1949ರಿಂದ ಇಂಥದ್ದೇ ಒಂದು ನಿಯಮ ಇತ್ತು. ಫೇರ್‌ನೆಸ್ ಡಾಕ್ಟ್ರಿನ್ ಎಂದು ಅದರ ಹೆಸರು. ಜನರಿಗೆ ಮುಖ್ಯವಾದ ವಿಷಯಗಳನ್ನು ತೋರಿಸಬೇಕು, ಒಂದೇ ಕಡೆಯ ಮಾತು ಹೇಳಬಾರದು ಎಂಬುದು ನಿಯಮ.

ಆ ನಿಯಮ ಹಿಡಿದು ಜಾಕ್ಸನ್‌ನ ಕೇಂದ್ರದ ಪರವಾನಗಿಯನ್ನು 1964ರಲ್ಲಿ ಪ್ರಶ್ನಿಸಿದ್ದು ಒಂದು ಚರ್ಚೇ. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್. ಅದರ ಪಾದ್ರಿ ಎವರೆಟ್ ಪಾರ್ಕರ್ ಸ್ವಯಂಸೇವಕರನ್ನು ಕೂರಿಸಿ ಆ ಕೇಂದ್ರದ ಕಾರ್ಯಕ್ರಮಗಳನ್ನು ಒಂದು ವಾರ ನೋಡಿ ದಾಖಲೆ ಮಾಡಿಸಿದರು. ನೋಡುಗರಿಗೆ ದೂರು ಕೊಡುವ ಹಕ್ಕೇ ಇಲ್ಲ ಎಂದು ಪ್ರಸಾರವನ್ನು ನೋಡಿಕೊಳ್ಳುವ ಸರ್ಕಾರಿ ಆಯೋಗ ಹೇಳಿತು. 1966ರಲ್ಲಿ ಕೋರ್ಟು ಇದೆ ಎಂದಿತು. 1969ರಲ್ಲಿ ಪರವಾನಗಿಯೇ ಹೋಯಿತು. ಟಿವಿ ಮುಂದೆ ಕುಳಿತ ಸಾಮಾನ್ಯ ಮನುಷ್ಯನಿಗೂ ಮಾತಾಡುವ ಹಕ್ಕಿದೆ ಎಂದು ಕಾನೂನಿನಲ್ಲಿ ಗಟ್ಟಿಯಾದದ್ದು ಹೀಗೆ. ಈ ಕಥೆ ಇನ್ನೂ ಜಾಸ್ತಿ ಜನರಿಗೆ ಗೊತ್ತಾಗಬೇಕಿತ್ತು.

ರಾಷ್ಟ್ರೀಯ ಪತ್ರಿಕೆಗಳು ಕಿಂಗ್ ಜೊತೆ ಎಲ್ಲಿಯವರೆಗೆ ಇದ್ದವು? 1967ರ ಏಪ್ರಿಲ್ 4ರವರೆಗೆ ಎನ್ನಬಹುದು. ಅಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಕಿಂಗ್ ವಿಯೆಟ್ನಾಂ ಯುದ್ಧದ ವಿರುದ್ಧ ಮಾತಾಡಿದರು. ಬಡವರಿಗೆ ಹೋಗಬೇಕಾದ ದುಡ್ಡು ಬಾಂಬಿಗೆ ಹೋಗುತ್ತಿದೆ, ತನ್ನದೇ ಸರ್ಕಾರ ಲೋಕದಲ್ಲಿ ಹಿಂಸೆಯ ದೊಡ್ಡ ಮೂಲವಾಗಿದೆ ಎಂದರು. ಮೂರೇ ದಿನದಲ್ಲಿ ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಬರೆದು ಇದು ಕಿಂಗ್ ಮಾಡಿದ ತಪ್ಪು, ಎರಡು ಬೇರೆ ಬೇರೆ ಸಮಸ್ಯೆಗಳನ್ನು ಬೆರೆಸಿದ್ದಾರೆ ಎಂದಿತು. ವಾಷಿಂಗ್ಟನ್ ಪೋಸ್ಟ್, ಅವರಿಂದ ಇನ್ನು ಅವರ ಹೋರಾಟಕ್ಕೂ ದೇಶಕ್ಕೂ ಉಪಯೋಗ ಕಡಿಮೆ ಎಂದಿತು. ಎರಡೂ ಉದಾರವಾದಿ ಪತ್ರಿಕೆಗಳೇ. ಬಸ್ಸಿನ ಸೀಟಿನ ಬಗ್ಗೆ ಮಾತಾಡಿದಾಗ ಚಪ್ಪಾಳೆ ಹೊಡೆದವರು ಯುದ್ಧದ ಬಗ್ಗೆ ಮಾತಾಡಿದಾಗ ಕೈ ಬಿಟ್ಟರು. ಮುಖ್ಯವಾಹಿನಿ ಮಾಧ್ಯಮದ ಬಗ್ಗೆ ಭಿನ್ನಮತದವರ ತಕರಾರು ಇರುವುದು ಇಲ್ಲೇ. ಅವು ಸುಳ್ಳು ಹೇಳುತ್ತವೆ ಎಂಬುದಕ್ಕಿಂತ, ಎಷ್ಟು ದೂರದವರೆಗೆ ಪ್ರಶ್ನೆ ಕೇಳಬಹುದು ಎಂಬ ಗೆರೆಯನ್ನು ಅವೇ ಎಳೆಯುತ್ತವೆ ಎಂಬುದು.

ಸರ್ಕಾರ ಇನ್ನೂ ಮುಂದೆ ಹೋಗಿತ್ತು. 1963ರ ಅಕ್ಟೋಬರ್‌ನಲ್ಲೇ ಕಿಂಗ್ ಫೋನು ಕದ್ದು ಕೇಳಲು ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಗೆ ಅನುಮತಿ ಸಿಕ್ಕಿತ್ತು. 1964ರಲ್ಲಿ ಅವರ ಖಾಸಗಿ ಬದುಕಿನ ಧ್ವನಿಮುದ್ರಣದ ಜೊತೆಗೆ, ಪ್ರಾಣ ಕಳೆದುಕೋ ಎಂಬ ಸೂಚನೆ ಇದ್ದ ಹೆಸರಿಲ್ಲದ ಪತ್ರವನ್ನೂ ಎಫ್‌ಬಿಐ ಕಳಿಸಿತು. ಇದು ಸಂಸತ್ತಿನ ತನಿಖೆಯಲ್ಲಿ ಬಯಲಾಗಿದ್ದು 1975ರಲ್ಲಿ.

'ಪಾದ್ರಿಗೆ ರಾಜಕೀಯ ಬೇಡ' ಎಂದವರು

ಈಗ ಇನ್ನೊಂದು ಕಡೆಗೆ ಬರೋಣ. 1965ರ ಮಾರ್ಚ್‌ನಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್ ಊರಿನಲ್ಲಿ ಒಬ್ಬ ಯುವ ಪಾದ್ರಿ ಪ್ರಸಂಗ ಮಾಡಿದರು. ಹೆಸರು ಜೆರ್ರಿ ಫಾಲ್ವೆಲ್. ಕಿಂಗ್ ತರಹದ ಪಾದ್ರಿಗಳನ್ನು ಉದ್ದೇಶಿಸಿ, ಪಾದ್ರಿಯ ಕೆಲಸ ಆತ್ಮಗಳನ್ನು ಗೆಲ್ಲುವುದು, ರಾಜಕಾರಣ ಮಾಡುವುದಲ್ಲ ಎಂದರು. ಹದಿನಾಲ್ಕು ವರ್ಷದ ನಂತರ, 1979ರಲ್ಲಿ, ಅದೇ ಫಾಲ್ವೆಲ್ 'ಮೊರಲ್ ಮೆಜಾರಿಟಿ' ಎಂಬ ರಾಜಕೀಯ ಸಂಘಟನೆ ಕಟ್ಟಿದರು. ಹಳೆಯ ಪ್ರಸಂಗ ತಪ್ಪಾಗಿತ್ತು ಎಂದು ಆಮೇಲೆ ಅವರೇ ಹೇಳಿದರು.

ನಡುವೆ ಏನಾಯಿತು? ಸಾಮಾನ್ಯವಾಗಿ ಸಿಗುವ ಉತ್ತರ ಗರ್ಭಪಾತ. 1973ರ ಜನವರಿ 22ರಂದು ಸುಪ್ರೀಂ ಕೋರ್ಟು ಗರ್ಭಪಾತವನ್ನು ಹೆಣ್ಣಿನ ಹಕ್ಕು ಎಂದಿತು. ಅದರಿಂದ ಸಿಟ್ಟಾದ ಕ್ರೈಸ್ತರು ರಾಜಕೀಯಕ್ಕೆ ಬಂದರು ಎನ್ನುತ್ತಾರೆ. ಇದರಲ್ಲಿ ನಿಜ ಇದೆ, ಪೂರ್ತಿ ನಿಜ ಇಲ್ಲ. ಆಗ ಗಟ್ಟಿಯಾಗಿ ವಿರೋಧಿಸಿದವರು ಕ್ಯಾಥೊಲಿಕರು. ಇವಾಂಜೆಲಿಕಲರ ದೊಡ್ಡ ಮನೆಯಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್, ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಇರಲಿ ಎಂದು 1971ರಲ್ಲಿ ಠರಾವು ಮಾಡಿತ್ತು.

ಇತಿಹಾಸಕಾರ ರ‍್ಯಾಂಡಲ್ ಬಾಲ್ಮರ್ ಇನ್ನೊಂದು ಕಾರಣದ ಕಡೆ ಬೆರಳು ತೋರಿಸುತ್ತಾರೆ. ಅದು ತೆರಿಗೆ. ನಮ್ಮಲ್ಲಿ ಟ್ರಸ್ಟಿಗೆ ದಾನ ಕೊಟ್ಟರೆ 80ಜಿ ರಸೀದಿ ಸಿಗುತ್ತದಲ್ಲ, ಅಮೆರಿಕದಲ್ಲೂ ಚರ್ಚು, ಶಾಲೆ, ಕಾಲೇಜುಗಳಿಗೆ ಅಂಥ ವಿನಾಯಿತಿ ಇದೆ. ಸರ್ಕಾರಿ ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಕೂರಬೇಕು ಎಂದು ಕೋರ್ಟು ಹೇಳಿದ ಮೇಲೆ ದಕ್ಷಿಣದಲ್ಲಿ ಬಿಳಿಯರಿಗಾಗಿಯೇ ಖಾಸಗಿ ಕ್ರೈಸ್ತ ಶಾಲೆಗಳು ಎದ್ದವು. ಜನಾಂಗ ನೋಡಿ ಬೇರೆ ಮಾಡುವ ಶಾಲೆಗೆ ವಿನಾಯಿತಿ ಇಲ್ಲ ಎಂದು 1971ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. ದಕ್ಷಿಣ ಕೆರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯ, ಬಿಳಿಯ ಹುಡುಗ ಕಪ್ಪು ಹುಡುಗಿ ಜೊತೆಗೆ ಓಡಾಡಬಾರದು ಎಂದು ನಿಯಮ ಮಾಡಿತ್ತು. 1976ರಲ್ಲಿ ಅದರ ವಿನಾಯಿತಿ ರದ್ದಾಯಿತು. 1983ರಲ್ಲಿ ಸುಪ್ರೀಂ ಕೋರ್ಟು ಎಂಟಕ್ಕೆ ಒಂದು ಮತದಿಂದ ಅದನ್ನು ಎತ್ತಿಹಿಡಿಯಿತು. ಸರ್ಕಾರ ನಮ್ಮ ಶಾಲೆಗೆ ಕೈಹಾಕಿತು ಎಂಬ ಸಿಟ್ಟೇ ಮೊದಲ ಕಿಡಿ, ಗರ್ಭಪಾತದ ವಿಷಯ ನಂತರ ಸೇರಿತು ಎನ್ನುತ್ತಾರೆ ಬಾಲ್ಮರ್. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ. ಗರ್ಭಪಾತ, ಶಾಲೆಯಲ್ಲಿ ಪ್ರಾರ್ಥನೆಗೆ ತಡೆ, ಬದಲಾಗುತ್ತಿದ್ದ ಕುಟುಂಬ ಎಲ್ಲವೂ ಸೇರಿ ಆಯಿತು ಎಂಬುವರೂ ಇದ್ದಾರೆ.

1980ರ ಆಗಸ್ಟ್‌ನಲ್ಲಿ ಡಲ್ಲಾಸ್‌ನಲ್ಲಿ ಸಾವಿರಾರು ಪಾದ್ರಿಗಳ ಮುಂದೆ ಅಧ್ಯಕ್ಷ ಪದವಿಯ ರಿಪಬ್ಲಿಕನ್ ಅಭ್ಯರ್ಥಿ ರೊನಾಲ್ಡ್ ರೇಗನ್ ನಿಂತರು. ನೀವು ನನ್ನನ್ನು ಬೆಂಬಲಿಸುವಂತಿಲ್ಲ ಎಂದು ಗೊತ್ತು, ಆದರೆ ನಾನು ನಿಮ್ಮನ್ನು ಬೆಂಬಲಿಸುತ್ತೇನೆ ಎಂದರು. ಬೆಂಬಲಿಸುವಂತಿಲ್ಲ ಯಾಕೆ? 1954ರಲ್ಲಿ ಸೆನೆಟರ್ ಲಿಂಡನ್ ಜಾನ್ಸನ್ ತಂದ ಒಂದು ತಿದ್ದುಪಡಿ ಅದಕ್ಕೆ ಕಾರಣ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಇಂಥ ಅಭ್ಯರ್ಥಿಗೆ ಮತ ಹಾಕಿ ಎನ್ನಬಾರದು ಎಂಬುದು ಅದರ ತಿರುಳು. ಆ ಚುನಾವಣೆಯಲ್ಲಿ ರೇಗನ್ ಸೋಲಿಸಿದ್ದು ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರನ್ನು. ಕಾರ್ಟರ್ ತಮ್ಮೂರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಭಾನುವಾರದ ಪಾಠ ಹೇಳುತ್ತಿದ್ದವರು, ಸ್ವತಃ ಇವಾಂಜೆಲಿಕಲ್.

ಪರದೆಯ ಮೇಲಿನ ಪೀಠ

ಫಾಲ್ವೆಲ್ ಮಾತು ದೇಶಕ್ಕೆಲ್ಲ ಕೇಳಿಸಿದ್ದು ಟಿವಿಯಿಂದ. ಹಿಂದೆ ಟಿವಿ ಕೇಂದ್ರಗಳು ಭಾನುವಾರ ಬೆಳಿಗ್ಗೆ ಸ್ವಲ್ಪ ಹೊತ್ತನ್ನು ಚರ್ಚುಗಳಿಗೆ ಪುಕ್ಕಟೆಯಾಗಿ ಕೊಡುತ್ತಿದ್ದವು. ಅದು ಹೆಚ್ಚಾಗಿ ಮೇನ್‌ಲೈನ್ ಚರ್ಚುಗಳಿಗೆ ಸಿಗುತ್ತಿತ್ತು. ದುಡ್ಡು ತೆಗೆದುಕೊಂಡು ಕೊಟ್ಟ ಸಮಯವನ್ನೂ ಜನಸೇವೆಯ ಲೆಕ್ಕಕ್ಕೆ ಹಿಡಿಯಬಹುದು ಎಂದು 1960ರಲ್ಲಿ ಪ್ರಸಾರ ಆಯೋಗ ಹೇಳಿತು. ಪುಕ್ಕಟೆ ಕೊಡುವುದನ್ನು ದುಡ್ಡಿಗೇ ಮಾರಬಹುದಾದರೆ ಯಾರು ಪುಕ್ಕಟೆ ಕೊಡುತ್ತಾರೆ? ಸಮಯ ಕೊಳ್ಳಲು ಮುಂದೆ ಬಂದವರು ಇವಾಂಜೆಲಿಕಲ್ ಬೋಧಕರು. ನೋಡುಗರಿಂದ ಕಾಣಿಕೆ ಕೇಳಿದರು, ಆ ಕಾಣಿಕೆಯಿಂದ ಇನ್ನಷ್ಟು ಸಮಯ ಕೊಂಡರು. ಪ್ಯಾಟ್ ರಾಬರ್ಟ್‌ಸನ್ ಅವರು 1960ರಲ್ಲಿ ಹುಟ್ಟುಹಾಕಿದ ಸಿಬಿಎನ್ ಒಂದು ದೊಡ್ಡ ಜಾಲವಾಗಿ ಬೆಳೆಯಿತು. 1988ರಲ್ಲಿ ಅವರು ಅಧ್ಯಕ್ಷ ಪದವಿಯ ಟಿಕೆಟ್ಟಿಗೂ ಸ್ಪರ್ಧಿಸಿದರು.

ಫೇರ್‌ನೆಸ್ ನಿಯಮವನ್ನು 1987ರಲ್ಲಿ ಆಯೋಗ ಕೈಬಿಟ್ಟಿತು. ಮರುವರ್ಷವೇ ಸಂಪ್ರದಾಯವಾದಿ ಮಾತುಗಾರ ರಶ್ ಲಿಂಬಾ ಅವರ ರೇಡಿಯೊ ಮಾತುಕತೆ ದೇಶದಾದ್ಯಂತ ಶುರುವಾಯಿತು. 1996ರಲ್ಲಿ ಅದೇ ಒಲವಿನ ಕೇಬಲ್ ವಾಹಿನಿ ಫಾಕ್ಸ್ ನ್ಯೂಸ್ ಬಂತು. ಆದರೆ ಒಂದು ತಪ್ಪು ತಿಳಿವಳಿಕೆ ಬೇಡ. ಆ ನಿಯಮ ಗಾಳಿಯ ತರಂಗದ ಪ್ರಸಾರಕ್ಕಷ್ಟೇ ಇತ್ತು. ಕೇಬಲ್ ವಾಹಿನಿಗೆ ಅದು ಅನ್ವಯಿಸುತ್ತಿರಲಿಲ್ಲ.

ಈಗಿನ ಭಿನ್ನ ದನಿಗಳು ಹೇಳುವುದೇನು

ಕಾರ್ಟರ್ 2000ದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಜೊತೆಗಿನ ನಂಟು ಕಡಿದುಕೊಂಡರು. ಹೆಣ್ಣುಮಕ್ಕಳು ಸಭಾಪಾಲಕರಾಗುವಂತಿಲ್ಲ ಎಂಬ ಅದರ ನಿಲುವು ಅವರಿಗೆ ಸರಿ ಕಾಣಲಿಲ್ಲ. ಚರ್ಚಿಗೆ ಹೋಗುವುದನ್ನಾಗಲಿ, ಪಾಠ ಹೇಳುವುದನ್ನಾಗಲಿ ಬಿಡಲಿಲ್ಲ. ಹೆಸರಾಂತ ಬೋಧಕ ಬಿಲ್ಲಿ ಗ್ರಹಾಂ 1956ರಲ್ಲಿ ಕಟ್ಟಿದ ಇವಾಂಜೆಲಿಕಲ್ ಪತ್ರಿಕೆ 'ಕ್ರಿಶ್ಚಿಯಾನಿಟಿ ಟುಡೆ'. ಟ್ರಂಪ್‌ರನ್ನು ಪದವಿಯಿಂದ ಇಳಿಸಬೇಕು ಎಂದು 2019ರ ಡಿಸೆಂಬರ್‌ನಲ್ಲಿ ಅದರ ಸಂಪಾದಕ ಮಾರ್ಕ್ ಗಾಲಿ ಬರೆದರು. ಬಿಲ್ಲಿ ಗ್ರಹಾಂ ಮಗನೇ ಅದನ್ನು ವಿರೋಧಿಸಿದರು. ಉತ್ತರ ಕೆರೊಲಿನಾದಲ್ಲಿ ಪಾದ್ರಿ ವಿಲಿಯಂ ಬಾರ್ಬರ್ 2013ರಲ್ಲಿ ಸೋಮವಾರಗಳಂದು ಶಾಸನಸಭೆಗೆ ಹೋಗಿ, ಬಡವರ ಆಸ್ಪತ್ರೆ ಖರ್ಚು, ಮತದ ಹಕ್ಕಿನ ಪರವಾಗಿ ಹಾಡಿ, ಪ್ರಾರ್ಥಿಸಿ, ಬಂಧನಕ್ಕೊಳಗಾಗುವ ಚಳವಳಿ ನಡೆಸಿದರು.

ಇವರ ಮಾತು ಒಂದೇ ಅಲ್ಲ. ಗಾಲಿ ಗರ್ಭಪಾತದ ವಿಷಯದಲ್ಲಿ ಸಂಪ್ರದಾಯವಾದಿಯೇ. ಬಡ್, ಬಾರ್ಬರ್ ಹಾಗಲ್ಲ. ಆದರೆ ಮೂವರಿಗೂ ಕಾಣುವ ತೊಂದರೆ ಒಂದೇ. ಪೀಠ, ಪರದೆ, ಕುರ್ಚಿ ಮೂರೂ ಒಂದೇ ಕೈಗೆ ಬಂದರೆ, ಕುರ್ಚಿಯಲ್ಲಿ ಕುಳಿತವನಿಗೆ 'ಇದು ತಪ್ಪು' ಎಂದು ಹೇಳುವವರು ಯಾರೂ ಉಳಿಯುವುದಿಲ್ಲ. ಅವರು ಕಣ್ಣ ಮುಂದಿಡುವ ಉದಾಹರಣೆ ಸದರ್ನ್ ಬ್ಯಾಪ್ಟಿಸ್ಟರದ್ದೇ. ಆ ಸಂಘಟನೆ ಹುಟ್ಟಿದ್ದು 1845ರಲ್ಲಿ, ಗುಲಾಮರನ್ನು ಇಟ್ಟುಕೊಂಡವರ ಪರವಾಗಿ. ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ನೂರೈವತ್ತು ವರ್ಷ.

ಸಂಪ್ರದಾಯವಾದಿ ಇವಾಂಜೆಲಿಕಲರ ಮಾತನ್ನೂ ಕೇಳಬೇಕು. ಹೊಟ್ಟೆಯೊಳಗಿನ ಮಗುವೂ ಜೀವ, ಅದನ್ನು ಕಾಪಾಡುವುದು ಕರುಣೆಯಲ್ಲವೇ ಎಂದು ಅವರು ಕೇಳುತ್ತಾರೆ. ದೊಡ್ಡ ಪತ್ರಿಕೆ, ಟಿವಿ, ವಿಶ್ವವಿದ್ಯಾಲಯಗಳು ತಮ್ಮನ್ನು ಹಳ್ಳಿಗಮಾರರ ಹಾಗೆ ನೋಡುತ್ತವೆ ಎಂಬ ನೋವು ಅವರಲ್ಲಿ ಆಳವಾಗಿದೆ. ಕಿಂಗ್ ಪೀಠದಿಂದ ರಾಜಕೀಯ ಮಾತಾಡಿದರೆ ಪ್ರವಾದಿ, ನಾವು ಮಾತಾಡಿದರೆ ಅಪಾಯ, ಇದು ಯಾವ ನ್ಯಾಯ ಎನ್ನುತ್ತಾರೆ. ಈ ಪ್ರಶ್ನೆಗೆ ತೂಕ ಇದೆ. ಭಿನ್ನ ದನಿಯವರ ಉತ್ತರ ಹೀಗಿದೆ: ಪಾದ್ರಿ ರಾಜಕೀಯ ಮಾತಾಡಲಿ, ಆದರೆ ಅಧಿಕಾರದ ಎದುರು ನಿಂತು ಮಾತಾಡುವುದಕ್ಕೂ ಅದರ ಪಕ್ಕ ನಿಂತು ಮಾತಾಡುವುದಕ್ಕೂ ವ್ಯತ್ಯಾಸ ಇದೆ. ಕಿಂಗ್ ತಮಗೆ ಬೇಕಾದ ಕಾನೂನಿಗೆ ಸಹಿ ಹಾಕಿದ ಜಾನ್ಸನ್‌ರನ್ನೂ ಯುದ್ಧದ ವಿಷಯದಲ್ಲಿ ಬಿಡಲಿಲ್ಲ.

2022ರ ಜೂನ್ 24ರಂದು ಸುಪ್ರೀಂ ಕೋರ್ಟು 1973ರ ಗರ್ಭಪಾತ ತೀರ್ಪನ್ನು ತೆಗೆದುಹಾಕಿತು. 2025ರ ಜುಲೈನಲ್ಲಿ ತೆರಿಗೆ ಇಲಾಖೆ ಟೆಕ್ಸಾಸ್‌ನ ಕೋರ್ಟೊಂದಕ್ಕೆ, ಚರ್ಚು ತನ್ನ ಸಭೆಯಲ್ಲಿ ತನ್ನ ಜನರಿಗೆ ಅಭ್ಯರ್ಥಿಯ ಬಗ್ಗೆ ಹೇಳಿದರೆ 1954ರ ತಿದ್ದುಪಡಿ ಮೀರಿದಂತೆ ಆಗುವುದಿಲ್ಲ ಎಂದು ತಿಳಿಸಿತು. ರೇಗನ್ ಡಲ್ಲಾಸ್‌ನಲ್ಲಿ ಹೇಳಿದ ಮಾತಿನ ಮೊದಲ ಅರ್ಧ ಹೀಗೆ ಸಡಿಲವಾಗತೊಡಗಿದೆ.

ಅದೇ ಕೆಥೆಡ್ರಲ್, 1968

ಅಕ್ಕನ ಮಗಳಿಗೆ ನಾನು ಕೊನೆಯಲ್ಲಿ ಹೇಳಿದ್ದು ಬಿಷಪ್ ಬಡ್ ನಿಂತಿದ್ದ ಕೆಥೆಡ್ರಲ್ಲಿನದ್ದೇ ಒಂದು ಭಾನುವಾರದ ಕಥೆ. 1968ರ ಮಾರ್ಚ್ 31. ಅಂದು ಅಲ್ಲಿ ಪ್ರಸಂಗ ಮಾಡಿದವರು ಕಿಂಗ್. ಒಳಗೆ ಜಾಗ ಸಾಲದೆ ಜನ ಹೊರಗೂ ನಿಂತಿದ್ದರು. ಜನಾಂಗ ದ್ವೇಷ, ಬಡತನ, ಯುದ್ಧ, ಮೂರರ ಬಗ್ಗೆಯೂ ಮಾತಾಡಿದರು. ಭಾರತಕ್ಕೆ ಹೋಗಿದ್ದಾಗ ಮುಂಬೈ, ಕೋಲ್ಕತ್ತದ ಫುಟ್‌ಪಾತ್‌ಗಳ ಮೇಲೆ ಜನ ಮಲಗಿದ್ದನ್ನು ಕಂಡದ್ದು ನೆನಪಿಸಿಕೊಂಡರು. ನಮ್ಮ ದೇಶ ಹೆಚ್ಚಾದ ಧಾನ್ಯವನ್ನು ಕೂಡಿಡಲು ಕೋಟಿಗಟ್ಟಲೆ ಸುರಿಯುತ್ತಿದೆ, ಅದನ್ನು ಪುಕ್ಕಟೆಯಾಗಿ ಇಡಬಹುದಾದ ಜಾಗ ನನಗೆ ಗೊತ್ತು, ಹಸಿದವರ ಹೊಟ್ಟೆ ಎಂದರು.

ಅದೇ ರಾತ್ರಿ ಟಿವಿಯಲ್ಲಿ ಅಧ್ಯಕ್ಷ ಜಾನ್ಸನ್, ತಾನು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಪ್ರಕಟಿಸಿದರು. ನಾಲ್ಕು ದಿನದ ನಂತರ, ಏಪ್ರಿಲ್ 4ರ ಸಂಜೆ, ಮೆಂಫಿಸ್‌ನಲ್ಲಿ ಕಿಂಗ್‌ರನ್ನು ಗುಂಡಿಟ್ಟು ಕೊಂದರು. ಅವರು ಅಲ್ಲಿಗೆ ಹೋಗಿದ್ದು ಮುಷ್ಕರ ಹೂಡಿದ್ದ ಪೌರಕಾರ್ಮಿಕರ ಜೊತೆ ನಿಲ್ಲಲು.

ಮರುದಿನ ಆ ಕೆಥೆಡ್ರಲ್ಲಿನಲ್ಲಿ ಕಿಂಗ್‌ಗಾಗಿ ಪ್ರಾರ್ಥನೆ ಇಟ್ಟಿದ್ದರು. ಲಿಂಡನ್ ಜಾನ್ಸನ್ ಬಂದು, ಉಳಿದವರ ನಡುವೆ ಕುಳಿತರು.